ಹೊರಡುವ ಹೊತ್ತಿಗೆ ಕೊಳ್ಳುವ ಟಿಕೆಟ್: ಬ್ರಿಟನ್ ರೈಲಿನಲ್ಲಿ ತಪ್ಪಾದರೆ ಹೊಣೆ ಯಾರದು?

ಬ್ರಿಟನ್ನಿನ ರೈಲು ಟಿಕೆಟ್ ತಿಂಗಳ ಮುಂಚೆ ಕೊಂಡರೆ ಅಗ್ಗ, ಹೊರಡುವ ದಿನ ಕೊಂಡರೆ ಕೈ ಸುಡುತ್ತದೆ. ಅಲ್ಲಿಗೆ ಓದಲು ಹೋಗುವ ಹುಡುಗರಿಗೂ, ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರಿಗೂ ಎಲ್ಲರೂ ಹೇಳಿ ಕಳಿಸುವ ಬುದ್ಧಿಮಾತು ಇದು. ಅರ್ಧ ಮಾತ್ರ ನಿಜ. ಮುಂಚೆ ಕೊಂಡರೆ ಅಗ್ಗವಾಗುವುದು ‘ಅಡ್ವಾನ್ಸ್’ ಎಂಬ ಒಂದು ಬಗೆಯ ಟಿಕೆಟ್. ಎನಿಟೈಮ್, ಆಫ್-ಪೀಕ್ (ಜನದಟ್ಟಣೆಯ ‘ಪೀಕ್’ ಹೊತ್ತು ಬಿಟ್ಟು), ಸೂಪರ್ ಆಫ್-ಪೀಕ್ ಎಂಬ ಉಳಿದ ಮೂರಕ್ಕೆ ಮೂರು ವಾರ ಮೊದಲು ಎಷ್ಟು ದರವೋ ರೈಲು ಹೊರಡಲು ಮೂರು ನಿಮಿಷ ಇರುವಾಗಲೂ ಅಷ್ಟೇ. ಇವು ಖಾಲಿಯಾಗುವುದಿಲ್ಲ, ಇಂಥದ್ದೇ ರೈಲು ಹತ್ತಬೇಕೆಂಬ ಕಟ್ಟಳೆಯೂ ಇಲ್ಲ. ನಿಲ್ದಾಣಕ್ಕೆ ಹೋಗಿ, ಟಿಕೆಟ್ ತೆಗೆದುಕೊಂಡು, ಬಂದ ರೈಲು ಹತ್ತುವುದು. ಅಲ್ಲಿನವರು ಇದನ್ನು ‘ವಾಕ್-ಆನ್’ ಎನ್ನುತ್ತಾರೆ. ನಮ್ಮ ಜನರಲ್ ಟಿಕೆಟ್ಟಿನ ಹಾಗೆ ಕಂಡರೂ ಇದಕ್ಕೆ ಬೇರೆ ಬೋಗಿಯಿಲ್ಲ. ಸೀಟು ಖಾಲಿಯಿದ್ದರೆ ಅಡ್ವಾನ್ಸ್ ಟಿಕೆಟ್ಟಿನವರ ಪಕ್ಕದಲ್ಲೇ ಕೂರಬಹುದು, ಇಲ್ಲದಿದ್ದರೆ ನಿಂತು ಹೋಗಬೇಕು.

ಬಂದ ರೈಲು ಹತ್ತಬಹುದು ಎಂದೆವಲ್ಲ, ಅದಕ್ಕೆ ಷರತ್ತುಗಳ ಉದ್ದನೆಯ ಬಾಲವಿದೆ. ರೈಲು ಕಂಪನಿಗಳ ಒಕ್ಕೂಟವೇ 2019ರಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿನ ವ್ಯವಸ್ಥೆಯಲ್ಲಿ ಸುಮಾರು 5.5 ಕೋಟಿ ಬೇರೆ ಬೇರೆ ದರಗಳಿದ್ದವು. ಎರಡು ಊರುಗಳ ನಡುವೆಯೇ ಹತ್ತಾರು ದರಗಳಿರುತ್ತವೆ. ಯಾವುದು ಯಾವ ಹೊತ್ತಿಗೆ, ಯಾವ ದಾರಿಗೆ, ಯಾವ ಕಂಪನಿಯ ರೈಲಿಗೆ ಎಂದು ಬಿಡಿಸಿ ಹೇಳುವ ಕೆಲಸವನ್ನು ದಶಕಗಳ ಕಾಲ ಟಿಕೆಟ್ ಕಚೇರಿಯ ಕಿಟಕಿಯ ಹಿಂದೆ ಕೂತವರು ಮಾಡುತ್ತ ಬಂದರು. ಈಗ ಆ ಕೆಲಸ ಫೋನು ಹಿಡಿದ ಪ್ರಯಾಣಿಕರ ಪಾಲಿಗೆ ಬಂದಿದೆ. ಅದೇ ಹೊತ್ತಿಗೆ ತಪ್ಪು ಮಾಡಿದವರ ದಂಡ 20 ಪೌಂಡಿನಿಂದ 100 ಪೌಂಡಿಗೆ ಏರಿದೆ. ಟಿಕೆಟ್ ಕಚೇರಿ ಉಳಿಯಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ. ತಿಳಿದು ಹೇಳುವವರನ್ನು ತೆಗೆದು, ತಿಳಿಯದವರಿಗೆ ದಂಡ ಏರಿಸಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದೇ ಇಲ್ಲಿನ ಪ್ರಶ್ನೆ.

ಟಿಕೆಟ್ಟಿನ ಮೇಲಿರುವ ಎರಡು ಸಾಲು

ಎನಿಟೈಮ್ ಅಂದರೆ ಯಾವ ಹೊತ್ತಿಗಾದರೂ. ಬೆಲೆಯೂ ಅದಕ್ಕೆ ತಕ್ಕಂತೆ. ಹತ್ತಿರದ ಊರುಗಳಿಗಾದರೆ ಇದು ‘ಎನಿಟೈಮ್ ಡೇ ಸಿಂಗಲ್’, ಅಂದರೆ ಒಂದೇ ಕಡೆಗೆ, ಆ ಒಂದು ದಿನಕ್ಕೆ ಮಾತ್ರ. ದೂರದ ಊರಿನ ಎನಿಟೈಮ್ ರಿಟರ್ನ್ ಆದರೆ ಹೋಗುವುದಕ್ಕೆ ಐದು ದಿನ, ವಾಪಸು ಬರುವುದಕ್ಕೆ ಒಂದು ತಿಂಗಳು ಅವಕಾಶ. ಆಫ್-ಪೀಕ್ ರಿಟರ್ನ್‌ನಲ್ಲಿ ಹೋಗುವ ದಿನ ನಿಗದಿ, ಬರುವುದು ಒಂದು ತಿಂಗಳ ಒಳಗೆ ಯಾವತ್ತಾದರೂ. ದಿನ ಅಂದರೆ ರಾತ್ರಿ ಹನ್ನೆರಡಕ್ಕೆ ಮುಗಿಯುವುದಲ್ಲ. ರೈಲಿನ ಲೆಕ್ಕದಲ್ಲಿ ಅದು ಮರುದಿನ ಬೆಳಗಿನ 4:29ರ ತನಕ. ಕೊನೆಯ ರೈಲು ನಡುರಾತ್ರಿ ದಾಟಿದ ಮೇಲೆ ಹೊರಟರೂ ಹಿಂದಿನ ದಿನದ ಟಿಕೆಟ್ ನಡೆಯುತ್ತದೆ.

ಎಡವುವುದು ‘ಪೀಕ್’ ಎಂಬುದರಲ್ಲಿ. ದೇಶಕ್ಕೆಲ್ಲ ಒಂದೇ ಪೀಕ್ ಸಮಯ ಇಲ್ಲ. ಒಂದು ಮಾರ್ಗದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮುಗಿದರೆ ಇನ್ನೊಂದರಲ್ಲಿ ಒಂಬತ್ತೂವರೆಗೆ. ಕೆಲವು ಕಡೆ ನೀವು ಹೊರಡುವ ಹೊತ್ತು ಲೆಕ್ಕ, ಕೆಲವು ಕಡೆ ಲಂಡನ್ ತಲುಪುವ ಹೊತ್ತು ಲೆಕ್ಕ. ಲಂಡನ್ನಿನಿಂದ ಸಂಜೆ ಹೊರಡುವ ಕೆಲವು ದೂರದ ರೈಲುಗಳಿಗೆ ಸಂಜೆಯ ನಿರ್ಬಂಧವೂ ಇದೆ, ಬೇರೆ ಕೆಲವಕ್ಕೆ ಇಲ್ಲ. ಇದನ್ನೆಲ್ಲ ಟಿಕೆಟ್ಟಿನ ಮೇಲೆ ಬರೆಯಲು ಜಾಗವಿಲ್ಲದ ಕಾರಣ ಎರಡು ಅಕ್ಷರ-ಅಂಕಿಗಳ ಒಂದು ಸಂಕೇತವನ್ನು ಮುದ್ರಿಸುತ್ತಾರೆ. ಆ ಸಂಕೇತವನ್ನು ನ್ಯಾಷನಲ್ ರೇಲ್ ಜಾಲತಾಣದಲ್ಲಿ ಹಾಕಿದರೆ ಪೂರ್ತಿ ನಿಯಮ ತೆರೆದುಕೊಳ್ಳುತ್ತದೆ. ಹೆಚ್ಚಿನವರು ಆ ಸಾಲನ್ನು ಓದುವುದು ಗೇಟಿನಲ್ಲಿ ನಿಲ್ಲಿಸಿದ ಮೇಲೆ.

ಎರಡನೆಯದು ‘ರೂಟ್’ ಎಂದು ಶುರುವಾಗುವ ಸಾಲು. ‘ಎನಿ ಪರ್ಮಿಟೆಡ್’ ಎಂದಿದ್ದರೆ ಒಪ್ಪಿತವಾದ ಯಾವ ದಾರಿಯಲ್ಲಾದರೂ ಹೋಗಬಹುದು. ಇಂಥ ಊರಿನ ಮೂಲಕ ಎಂದೋ, ಇಂಥ ಕಂಪನಿಯ ರೈಲು ಮಾತ್ರ ಎಂದೋ ಇದ್ದರೆ ಅದನ್ನು ಬಿಟ್ಟು ಆಚೀಚೆ ಹೋಗುವಂತಿಲ್ಲ. ಲಂಡನ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ ಹೋಗುವುದನ್ನೇ ತೆಗೆದುಕೊಳ್ಳಿ. ಯೂಸ್ಟನ್ ನಿಲ್ದಾಣದಿಂದ ಅವಂತಿಯ ವೇಗದ ರೈಲು ಹೊರಡುತ್ತದೆ, ಅಲ್ಲಿಂದಲೇ ಲಂಡನ್ ನಾರ್ತ್‌ವೆಸ್ಟರ್ನ್‌ನ ನಿಧಾನದ ರೈಲೂ ಹೊರಡುತ್ತದೆ. ಮೇರಿಲ್‌ಬೋನ್ ನಿಲ್ದಾಣದಿಂದ ಚಿಲ್ಟರ್ನ್ ಕಂಪನಿಯ ರೈಲು ಬೇರೆಯೇ ಹಳಿಯಲ್ಲಿ ಹೋಗುತ್ತದೆ. ಮೂರಕ್ಕೂ ಮೂರು ದರ. ಕಡಿಮೆ ದರದ ಟಿಕೆಟ್ ಹಿಡಿದು ಯೂಸ್ಟನ್‌ನಲ್ಲಿ ಮೊದಲು ಕಂಡ ರೈಲು ಹತ್ತಿದರೆ, ಊರು ಸರಿ, ದಿನ ಸರಿ, ಟಿಕೆಟ್ ಮಾತ್ರ ಸಲ್ಲದು. ಲಂಡನ್-ಬ್ರೈಟನ್ ನಡುವೆಯೂ ಹೀಗೆಯೇ: ಥೇಮ್ಸ್‌ಲಿಂಕ್‌ಗೆ ಮಾತ್ರ ಸಲ್ಲುವ ಅಗ್ಗದ ಟಿಕೆಟ್ಟಿದೆ, ಅದನ್ನು ಹಿಡಿದು ಗ್ಯಾಟ್ವಿಕ್ ಎಕ್ಸ್‌ಪ್ರೆಸ್ ಹತ್ತುವಂತಿಲ್ಲ.

ರೂಟ್ ಸಾಲಿನಲ್ಲಿ ಒಮ್ಮೊಮ್ಮೆ ಸಣ್ಣದೊಂದು ಶಿಲುಬೆಯ ಗುರುತು ಕಾಣುತ್ತದೆ. ಲಂಡನ್ ದಾಟಿ ಹೋಗುವ ಪ್ರಯಾಣದಲ್ಲಿ ಒಂದು ದೊಡ್ಡ ನಿಲ್ದಾಣದಿಂದ ಇನ್ನೊಂದಕ್ಕೆ ಅಂಡರ್‌ಗ್ರೌಂಡ್ ಮೆಟ್ರೋದಲ್ಲಿ ಹೋಗುವ ಖರ್ಚು ಟಿಕೆಟ್ಟಿನಲ್ಲೇ ಸೇರಿದೆ ಎಂದು ಅದರ ಅರ್ಥ. ಆ ಗುರುತು ತಿಳಿಯದೆ ಮತ್ತೆ ಕಾರ್ಡು ಒತ್ತಿ ಎರಡನೇ ಸಲ ಹಣ ಕೊಡುವವರು ಬೇಕಾದಷ್ಟು ಮಂದಿ.

ವಾಕ್-ಆನ್ ಟಿಕೆಟ್ಟಿನ ಇನ್ನೊಂದು ಸೌಲಭ್ಯ ದಾರಿಯಲ್ಲಿ ಇಳಿಯುವುದು. ಎನಿಟೈಮ್ ಮತ್ತು ಆಫ್-ಪೀಕ್ ಟಿಕೆಟ್‌ಗಳಲ್ಲಿ, ನಿರ್ಬಂಧದ ಸಂಕೇತ ಬೇಡ ಎನ್ನದಿದ್ದರೆ, ನಡುವಿನ ಊರಿನಲ್ಲಿ ಇಳಿದು, ಊಟ ಮುಗಿಸಿ, ಮುಂದಿನ ರೈಲು ಹಿಡಿಯಬಹುದು. ಅಡ್ವಾನ್ಸ್‌ನಲ್ಲಿ ಇದು ಸಾಧ್ಯವಿಲ್ಲ. ಅಡ್ವಾನ್ಸ್‌ನ ರೈಲು ನಿಮ್ಮದೇ ತಡದಿಂದ ತಪ್ಪಿದರೆ ಹೊಸ ಟಿಕೆಟ್ಟೇ ಗತಿ. ಆಫ್-ಪೀಕ್ ಹಿಡಿದು ಪೀಕ್ ಹೊತ್ತಿನಲ್ಲಿ ಹತ್ತಿದವರಿಗೆ ಮಾತ್ರ ನಿಯಮ ಮೆದು: ರಾಷ್ಟ್ರೀಯ ಪ್ರಯಾಣ ಷರತ್ತುಗಳ ಪ್ರಕಾರ ಅವರು ಕೊಡಬೇಕಾದ್ದು ತಮ್ಮ ದರಕ್ಕೂ ಆ ಹೊತ್ತಿನ ದರಕ್ಕೂ ಇರುವ ವ್ಯತ್ಯಾಸ. ಅದನ್ನು ‘ಎಕ್ಸೆಸ್’ ಎನ್ನುತ್ತಾರೆ. ಹೊರಡುವ ಮೊದಲೇ ಕೌಂಟರಿಗೆ ಹೋಗಿ ಎಕ್ಸೆಸ್ ಕಟ್ಟಿದರೆ ರೈಲಿನಲ್ಲಿ ವಾದವೇ ಇರುವುದಿಲ್ಲ. ಬಹುತೇಕ ಆ್ಯಪ್‌ಗಳಲ್ಲಿ ಈ ಎಕ್ಸೆಸ್ ಕಟ್ಟುವ ಗುಂಡಿಯನ್ನು ಹುಡುಕುವುದೇ ಒಂದು ಸಾಹಸ.

ಕಿಟಕಿಯ ಮುಂದೆ

ಕೌಂಟರಿನವರಿಗೆ “ಲೀಡ್ಸ್‌ಗೆ ಒಂದು ಟಿಕೆಟ್” ಎಂದಷ್ಟೇ ಹೇಳಿದರೆ ಅವರು ಮೂರು ಮರುಪ್ರಶ್ನೆ ಹಾಕುತ್ತಾರೆ. ಹಿಂದೆ ಕ್ಯೂ ಉದ್ದವಿದ್ದರೆ ಹಾಕದೆಯೂ ಇರಬಹುದು, ಆಗ ಕೈಗೆ ಬರುವುದು ಸುರಕ್ಷಿತವಾದ ದುಬಾರಿ ಟಿಕೆಟ್. ಆದ್ದರಿಂದ ಮೊದಲ ಮಾತಿನಲ್ಲೇ ಇಷ್ಟು ಹೇಳಿಬಿಡಬೇಕು: ಎಲ್ಲಿಗೆ, ಇವತ್ತು ಯಾವ ಹೊತ್ತಿಗೆ ಹೊರಡುವುದು, ವಾಪಸು ಯಾವತ್ತು ಯಾವ ಹೊತ್ತಿಗೆ, ಎಷ್ಟು ಜನ, ಮಕ್ಕಳ ವಯಸ್ಸೆಷ್ಟು, ಯಾವ ರೇಲ್‌ಕಾರ್ಡ್ (ಹಣ ಕೊಟ್ಟು ಪಡೆಯುವ ರಿಯಾಯಿತಿ ಕಾರ್ಡ್) ಇದೆ. ಆಮೇಲೆ ಒಂದೇ ಪ್ರಶ್ನೆ: ನಿಧಾನದ ರೈಲಿಗೋ ಬೇರೆ ದಾರಿಗೋ ಇದಕ್ಕಿಂತ ಕಡಿಮೆ ದರ ಇದೆಯೇ? ಯಾವ ಕಂಪನಿಯ ನಿಲ್ದಾಣವಾದರೂ ಕೌಂಟರಿನವರು ಎಲ್ಲ ಕಂಪನಿಗಳ ಟಿಕೆಟ್ ಮಾರಬೇಕು, ತಮ್ಮ ಕಂಪನಿಯ ಕಡೆಗೆ ವಾಲಬಾರದು ಎಂಬುದು ಖಾಸಗೀಕರಣದ ಕಾಲದಿಂದ ಬಂದ ಒಪ್ಪಂದದಲ್ಲೇ ಇದೆ. ಬುಕಿಂಗ್ ಶುಲ್ಕವೂ ಇಲ್ಲ. ಕೆಲವು ಖಾಸಗಿ ಆ್ಯಪ್‌ಗಳು ಅದೇ ಟಿಕೆಟ್ಟಿಗೆ ಮೇಲಷ್ಟು ಶುಲ್ಕ ಹಾಕುತ್ತವೆ.

ಸಿಂಗಲ್ ಕೇಳುವ ಮುಂಚೆ ರಿಟರ್ನ್ ಎಷ್ಟೆಂದು ಕೇಳುವುದೂ ಒಳ್ಳೆಯದು. ಹಳೆಯ ಪದ್ಧತಿ ಉಳಿದಿರುವ ಎಷ್ಟೋ ಮಾರ್ಗಗಳಲ್ಲಿ ಆಫ್-ಪೀಕ್ ರಿಟರ್ನ್‌ಗೆ ಸಿಂಗಲ್‌ಗಿಂತ ಒಂದು ಪೌಂಡಿನ ಆಸುಪಾಸು ಮಾತ್ರ ಹೆಚ್ಚು.

ಸ್ಪ್ಲಿಟ್ ಟಿಕೆಟ್ಟಿನ ವಿಷಯದಲ್ಲಿ ಮಾತ್ರ ಕೌಂಟರಿನವರು ತಾವಾಗಿ ಬಾಯಿ ಬಿಡಬೇಕಿಲ್ಲ. ಬ್ರಿಸ್ಟಲ್‌ನಿಂದ ಲಂಡನ್‌ಗೆ ಒಂದೇ ಟಿಕೆಟ್ ಕೊಳ್ಳುವ ಬದಲು ಬ್ರಿಸ್ಟಲ್-ಡಿಡ್‌ಕಾಟ್, ಡಿಡ್‌ಕಾಟ್-ಲಂಡನ್ ಎಂದು ಎರಡು ಕೊಂಡರೆ ಒಟ್ಟು ದರ ಎಷ್ಟೋ ಸಲ ಇಳಿಯುತ್ತದೆ. ಒಂದೊಂದು ತುಂಡಿನ ದರವನ್ನೂ ಹಿಂದೆ ಬೇರೆ ಬೇರೆಯಾಗಿ ಕಟ್ಟಿದ್ದು, ಪೀಕ್ ಮುಗಿಯುವ ಹೊತ್ತು ಊರಿಂದೂರಿಗೆ ಬೇರೆಯಾದದ್ದು ಇದಕ್ಕೆ ಕಾರಣ. ಇದು ಪೂರ್ತಿ ನಿಯಮಬದ್ಧ. ಡಿಡ್‌ಕಾಟ್‌ನಲ್ಲಿ ಇಳಿಯಬೇಕಿಲ್ಲ, ಸೀಟಿನಿಂದ ಏಳಬೇಕಿಲ್ಲ. ಷರತ್ತು ಒಂದೇ, ಆ ರೈಲು ಡಿಡ್‌ಕಾಟ್‌ನಲ್ಲಿ ನಿಲ್ಲಬೇಕು. ನಿಲ್ಲದೆ ಸಾಗುವ ರೈಲಿನಲ್ಲಿ ಕೂತರೆ ಎರಡೂ ಟಿಕೆಟ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ನೀವೇ ಕೇಳಿದರೆ ಕೌಂಟರಿನಲ್ಲಿ ಎರಡನ್ನೂ ಕೊಡುತ್ತಾರೆ. ಕೇಳುವಾಗ ಎಲ್ಲಿ ತುಂಡು ಮಾಡಬೇಕೆಂದು ನೀವೇ ಹೇಳಿ, ಅವರಿಂದ ಹುಡುಕಿಸುತ್ತ ನಿಲ್ಲಬೇಡಿ. ಕ್ಯೂನಲ್ಲಿರುವವರ ತಾಳ್ಮೆಯ ಪ್ರಶ್ನೆಯೂ ಇದೆಯಲ್ಲ.

ಮೆಷಿನ್ ಮಾಡಲಾಗದ್ದು, ಆ್ಯಪ್ ತೋರಿಸದ್ದು ಕೆಲವಿವೆ. ಲಂಡನ್‌ನ ಆರು ದರ-ವಲಯಗಳಲ್ಲಿ ಓಡಾಡಲು ಬಿಡುವ ಟ್ರಾವೆಲ್‌ಕಾರ್ಡ್ ಅಥವಾ ಹಿರಿಯರ ಫ್ರೀಡಂ ಪಾಸ್ ಇರುವವರು ನಗರದ ಆರನೇ ವಲಯದ ಗಡಿಯ ತನಕ ಆಗಲೇ ಹಣ ಕೊಟ್ಟಿರುತ್ತಾರೆ ಅಥವಾ ಅವರಿಗೆ ಅದು ಉಚಿತ. ಅವರಿಗೆ ಬೇಕಾದ್ದು ಅಲ್ಲಿಂದಾಚೆಗಿನ ಟಿಕೆಟ್. ಇದನ್ನು ‘ಬೌಂಡರಿ ಝೋನ್’ ಟಿಕೆಟ್ ಎಂದು ಹೆಸರು ಹೇಳಿ ಕೇಳಿದರೆ ಕೌಂಟರಿನಲ್ಲಿ ಅರ್ಧ ನಿಮಿಷದ ಕೆಲಸ. ಹೆಚ್ಚಿನ ಆ್ಯಪ್‌ಗಳಿಗೆ ಈ ಹೆಸರೇ ಗೊತ್ತಿಲ್ಲ. ಗಾಲಿಕುರ್ಚಿಯಲ್ಲೇ ಕೂತು ಪ್ರಯಾಣಿಸುವವರಿಗೆ, ಜೊತೆಗಾರರೊಂದಿಗೆ ಹೋಗುವ ಕಣ್ಣು ಕಾಣದವರಿಗೆ ರೇಲ್‌ಕಾರ್ಡ್ ಇಲ್ಲದೆಯೂ ಸಿಗುವ ರಿಯಾಯಿತಿಯೂ ಮೆಷಿನ್‌ನಲ್ಲಿ ಸಿಗುವುದಿಲ್ಲ. ದಾರಿ ಬದಲಿಸುವ ಎಕ್ಸೆಸ್, ಒಂದು ಪ್ರದೇಶದಲ್ಲಿ ದಿನವಿಡೀ ಓಡಾಡುವ ರೇಂಜರ್, ಹಲವು ದಿನ ಓಡಾಡುವ ರೋವರ್ ಟಿಕೆಟ್‌ಗಳಲ್ಲೂ ಬಹಳಷ್ಟು ಇದೇ ಕಥೆ. ಕೆಲವು ಮೆಷಿನ್‌ಗಳು ಆ ನಿಲ್ದಾಣದಿಂದ ಹೊರಡುವ ಟಿಕೆಟ್ ಬಿಟ್ಟರೆ ಬೇರೆ ಕೊಡುವುದಿಲ್ಲ. ಕೆಲವು ಬೆಳಗಿನ ಪೀಕ್ ಮುಗಿಯುವ ತನಕ ಆಫ್-ಪೀಕ್ ದರವನ್ನೇ ತೋರಿಸುವುದಿಲ್ಲ. ಒಂಬತ್ತೂವರೆಯ ರೈಲಿಗೆ ಒಂಬತ್ತಕ್ಕೇ ಹೋಗಿ ನಿಂತವರು ಹೆಚ್ಚು ಹಣ ತೆರುವುದು ಹೀಗೆ.

ಟಿಕೆಟ್ ಕೈಗೆ ಬಂದ ಕೂಡಲೇ ಕಿಟಕಿಯ ಮುಂದೆಯೇ ನೋಡಬೇಕಾದ್ದು ನಾಲ್ಕು: ಬಗೆ, ರೂಟ್, ದಿನಾಂಕ, ರೇಲ್‌ಕಾರ್ಡಿನ ಗುರುತು. ತಪ್ಪಿದ್ದರೆ ಆಗಲೇ ಹೇಳಿ. ಈಗಷ್ಟೇ ಮುದ್ರಿಸಿದ ಟಿಕೆಟ್ಟನ್ನು ‘ನಾನ್-ಇಶ್ಯೂ’ ಮಾಡಿ ಲೆಕ್ಕದಿಂದ ತೆಗೆದು ಹೊಸದು ಕೊಡುವುದು ಅವರಿಗೆ ಸುಲಭ. ಅರ್ಧ ಗಂಟೆ ಬಿಟ್ಟು ಬಂದರೆ ಅದೇ ಕೆಲಸ ರಿಫಂಡ್ ಅರ್ಜಿಯಾಗುತ್ತದೆ. ರಿಫಂಡ್ ಕೊಡುವುದು ಮಾರಿದವರೇ. ಆ್ಯಪ್‌ನಲ್ಲಿ ಕೊಂಡ ಟಿಕೆಟ್ ಹಿಡಿದು ಕೌಂಟರಿಗೆ ಹೋಗಿ ಹಣ ವಾಪಸು ಕೇಳಿದರೆ ಅವರು ಕೈ ಆಡಿಸುವುದು ಒರಟುತನವಲ್ಲ, ಆ ಹಣ ಅವರ ಲೆಕ್ಕಕ್ಕೆ ಬಂದೇ ಇಲ್ಲ.

ಮುಚ್ಚಲು ಹೊರಟದ್ದು, ನಿಂತದ್ದು

2023ರ ಜುಲೈ 5ರಂದು ರೈಲು ಕಂಪನಿಗಳು ಇಂಗ್ಲೆಂಡಿನ ಬಹುತೇಕ ಎಲ್ಲ ಟಿಕೆಟ್ ಕಚೇರಿಗಳನ್ನು ಮುಚ್ಚುವ ಯೋಜನೆ ಮುಂದಿಟ್ಟವು. ಕಾರಣ ಕೊಟ್ಟದ್ದು ಒಂದೇ ಅಂಕಿ: ಕೌಂಟರಿನಲ್ಲಿ ಮಾರಾಟವಾಗುವುದು ಒಟ್ಟು ಟಿಕೆಟ್‌ಗಳಲ್ಲಿ ಸುಮಾರು ಶೇ 12 ಮಾತ್ರ. ಸಿಬ್ಬಂದಿಯನ್ನು ಕಿಟಕಿಯಿಂದ ಎಬ್ಬಿಸಿ ಪ್ಲಾಟ್‌ಫಾರ್ಮಿಗೆ, ಮೆಷಿನ್‌ಗಳ ಪಕ್ಕಕ್ಕೆ ಕಳಿಸುತ್ತೇವೆ ಎಂದರು. ಲಂಡನ್ ಅಂಡರ್‌ಗ್ರೌಂಡ್ 2015ರ ಹೊತ್ತಿಗೇ ತನ್ನ ಕೌಂಟರುಗಳನ್ನು ಮುಚ್ಚಿತ್ತು, ಅದನ್ನೇ ಮಾದರಿಯಾಗಿ ತೋರಿಸಿದವರೂ ಇದ್ದರು. ಆದರೆ ವಲಯ, ಪೀಕ್ ಎಂಬ ಎರಡು ಲೆಕ್ಕದಲ್ಲಿ ಮುಗಿಯುವ ಅಂಡರ್‌ಗ್ರೌಂಡ್ ದರಕ್ಕೂ ಕೋಟಿಗಟ್ಟಲೆ ದರಗಳ ರೈಲಿಗೂ ಹೋಲಿಕೆಯೇ ಸಲ್ಲದು.

ಶೇ 12 ಎಂಬ ಅಂಕಿ ಎಣಿಸುವುದು ಟಿಕೆಟ್‌ಗಳನ್ನು, ಕಷ್ಟವನ್ನಲ್ಲ. ದಿನಾ ಹೋಗುವ ದಾರಿಗೆ ಫೋನಿನಲ್ಲಿ ಟಿಕೆಟ್ ಕೊಳ್ಳುವವರು ಕೌಂಟರಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಉಳಿದ ಶೇ 12ರಲ್ಲಿ ಸೇರಿರುವುದು ಆ್ಯಪ್‌ಗೆ ಅರ್ಥವಾಗದ ಪ್ರಯಾಣಗಳು, ನಗದು ಮಾತ್ರ ಇರುವವರು, ಪರದೆ ಓದಲಾಗದವರು, ಭಾಷೆ ಹೊಸದಾದವರು. ದೃಷ್ಟಿ ದೋಷವುಳ್ಳವರ ಸಂಸ್ಥೆ ಆರ್‌ಎನ್‌ಐಬಿ ನಡೆಸಿದ ಸಮೀಕ್ಷೆಯಲ್ಲಿ ಟಿಕೆಟ್ ಮೆಷಿನ್ನನ್ನು ತೊಂದರೆಯಿಲ್ಲದೆ ಬಳಸಬಲ್ಲೆವು ಎಂದವರು ಶೇ 3 ಮಾತ್ರ.

ಯೋಜನೆ ನಿಂತದ್ದು ಒಂದು ಹಳೆಯ ಕಾಗದದ ಬಲದಿಂದ. ಖಾಸಗೀಕರಣದ ವೇಳೆ ಬರೆದ ಟಿಕೆಟ್ ಮತ್ತು ಹಣ ಹಂಚಿಕೆ ಒಪ್ಪಂದದ 17ನೇ ಅನುಸೂಚಿಯಲ್ಲಿ ಟಿಕೆಟ್ ಕಚೇರಿ ಎಷ್ಟರಿಂದ ಎಷ್ಟರ ತನಕ ತೆರೆದಿರಬೇಕೆಂದು ನಮೂದಿಸಿದ್ದಾರೆ. ಹೆಚ್ಚು ಬದಲಿಸಬೇಕಾದರೆ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು, ಪ್ರಯಾಣಿಕರ ಪರವಾದ ಟ್ರಾನ್ಸ್‌ಪೋರ್ಟ್ ಫೋಕಸ್ ಮತ್ತು ಲಂಡನ್ ಟ್ರಾವೆಲ್‌ವಾಚ್ ಆಕ್ಷೇಪಿಸಬಹುದು. ಮೊದಲು 21 ದಿನ ಎಂದಿದ್ದ ಅವಧಿ ಸೆಪ್ಟೆಂಬರ್ 1ರ ತನಕ ಹಿಗ್ಗಿತು. ಬಂದ ಪ್ರತಿಕ್ರಿಯೆಗಳು ಸುಮಾರು ಏಳೂವರೆ ಲಕ್ಷ. ಎರಡೂ ಸಂಸ್ಥೆಗಳು ಆಕ್ಷೇಪಿಸಿದವು, ಅಕ್ಟೋಬರ್ 31ರಂದು ಸಾರಿಗೆ ಸಚಿವ ಮಾರ್ಕ್ ಹಾರ್ಪರ್ ಯೋಜನೆ ಹಿಂತೆಗೆದುಕೊಳ್ಳಲು ಹೇಳಿದರು. ಅಂದಿನಿಂದ ಕಚೇರಿಗಳು ಇವೆ. ಆದರೆ ಬಾಗಿಲಲ್ಲಿ ಬರೆದ ಹೊತ್ತಿಗೆ ಕಿಟಕಿ ತೆರೆದೇ ಇರುತ್ತದೆಂಬ ಭರವಸೆ ಬೇಡ. ಒಬ್ಬರೇ ಸಿಬ್ಬಂದಿ ಇರುವ ಸಣ್ಣ ನಿಲ್ದಾಣದಲ್ಲಿ ಅವರು ರಜೆ ಹಾಕಿದರೆ ಪರದೆ ಇಳಿದೇ ಇರುತ್ತದೆ.

ತಪ್ಪಿನ ಬೆಲೆ

ಕಿಟಕಿ ಮುಚ್ಚಿದೆ, ಮೆಷಿನ್ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಆಗ ಹತ್ತಬಹುದು, ಮುಂದೆ ಮೊದಲು ಸಿಕ್ಕ ಕಡೆ, ರೈಲಿನ ಗಾರ್ಡ್ ಬಳಿಯೋ ಬದಲಾಯಿಸುವ ನಿಲ್ದಾಣದಲ್ಲೋ ಇಳಿದ ಊರಿನಲ್ಲೋ, ಕೊಳ್ಳಬೇಕು. ಮೆಷಿನ್ ಕಾರ್ಡು ಮಾತ್ರ ಸ್ವೀಕರಿಸುತ್ತದೆ, ನಿಮ್ಮಲ್ಲಿ ನಗದು ಮಾತ್ರ ಇದೆ ಎಂದರೂ ಇದೇ ನಿಯಮ. ಕೆಲವು ನಿಲ್ದಾಣಗಳ ಮೆಷಿನ್ ಅಂಥವರಿಗೆ ‘ಪ್ರಾಮಿಸ್ ಟು ಪೇ’ ಎಂಬ ಚೀಟಿ ಕೊಡುತ್ತದೆ; ಆ ಸೌಲಭ್ಯ ಇದ್ದಲ್ಲಿ ಚೀಟಿ ತೆಗೆದುಕೊಳ್ಳದೆ ಹತ್ತಿದರೆ ವಾದ ಸೋಲುತ್ತದೆ. ನಿಲ್ದಾಣದ ಅಧಿಕೃತ ಸಿಬ್ಬಂದಿ ಹತ್ತಿ ಎಂದರೆ ಅದೂ ಮಾನ್ಯ, ಹೇಳಿದ ಹೊತ್ತು, ಜಾಗ ಬರೆದಿಟ್ಟುಕೊಳ್ಳಿ. ಕೆಟ್ಟ ಮೆಷಿನ್‌ನ ಪರದೆಯ ಫೋಟೋ ಇದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕ್ಯೂ ಉದ್ದ ಇತ್ತು ಎಂಬ ಕಾರಣ ಮಾತ್ರ ಈ ಪಟ್ಟಿಯಲ್ಲಿ ಇಲ್ಲ. ಜನ ಅತಿ ಹೆಚ್ಚು ಹೇಳುವ ಕಾರಣವೂ ಅದೇ.

ಇಂಗ್ಲೆಂಡಿನಲ್ಲಿ 2023ರ ಜನವರಿ 23ರಿಂದ ಪೆನಾಲ್ಟಿ ಫೇರ್, ಅಂದರೆ ಸರಿಯಾದ ಟಿಕೆಟ್ ಇಲ್ಲದವರ ದಂಡ, 100 ಪೌಂಡ್, ಜೊತೆಗೆ ಆ ಪ್ರಯಾಣದ ಸಿಂಗಲ್ ದರ. 21 ದಿನದೊಳಗೆ ಕಟ್ಟಿದರೆ 100 ಹೋಗಿ 50. ಮೇಲ್ಮನವಿಗೂ 21 ದಿನ, ಮೂರು ಹಂತ. ಇದು ಅಪರಾಧದ ದಾಖಲೆಯಲ್ಲ. ಕೋರ್ಟಿಗೆ ಹೋದರೆ ಬೇರೆ ಮಾತು. 1889ರ ರೈಲ್ವೆ ನಿಯಂತ್ರಣ ಕಾಯ್ದೆಯಡಿ ಹಣ ತಪ್ಪಿಸುವ ಉದ್ದೇಶವಿತ್ತೆಂದು ಸಾಬೀತುಪಡಿಸಬೇಕು. ರೈಲ್ವೆ ಉಪವಿಧಿಗಳಡಿಯಾದರೆ ಉದ್ದೇಶದ ಪ್ರಶ್ನೆಯೇ ಏಳುವುದಿಲ್ಲ, ಸರಿಯಾದ ಟಿಕೆಟ್ ಇರಲಿಲ್ಲ ಎಂದರೆ ಮುಗಿಯಿತು.

2024ರಲ್ಲಿ ಸುದ್ದಿಯಾದ ಒಂದು ಪ್ರಕರಣ ಇದನ್ನೆಲ್ಲ ಬಿಚ್ಚಿ ತೋರಿಸಿತು. 16-25 ರೇಲ್‌ಕಾರ್ಡ್ ಇದ್ದ ಯುವಕನೊಬ್ಬ ಎನಿಟೈಮ್ ಸಿಂಗಲ್ ಕೊಂಡು ಬೆಳಿಗ್ಗೆ ಹತ್ತರ ಮುಂಚೆ ನಾರ್ದರ್ನ್ ಕಂಪನಿಯ ರೈಲು ಹತ್ತಿದ. ಈ ಕಾರ್ಡ್ ಮೂರನೇ ಒಂದು ಭಾಗ ರಿಯಾಯಿತಿ ಕೊಡುತ್ತದೆ. ಆದರೆ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 4:30ರಿಂದ 10ರ ನಡುವೆ, ಜುಲೈ-ಆಗಸ್ಟ್ ಬಿಟ್ಟು, ಒಂದು ಕನಿಷ್ಠ ದರವಿದೆ. ಆಗ ಅದು 12 ಪೌಂಡ್. ಅದಕ್ಕಿಂತ ಕಡಿಮೆಯ ಟಿಕೆಟ್ಟಿಗೆ ರಿಯಾಯಿತಿ ನಡೆಯುವುದಿಲ್ಲ. ಅವನು ಕಡಿಮೆ ಕೊಟ್ಟದ್ದು 1.90 ಪೌಂಡ್. ಟಿಕೆಟ್ಟಿನ ಮೇಲಿನ ಹೆಸರೋ ‘ಎನಿಟೈಮ್’. ಮೊಕದ್ದಮೆಯ ಬೆದರಿಕೆ ಬಂತು, ಸುದ್ದಿಯಾದ ಮೇಲೆ ಕಂಪನಿ ಹಿಂದೆ ಸರಿಯಿತು. ಇದೇ ಟಿಕೆಟ್ಟನ್ನು ಕಿಟಕಿಯಲ್ಲಿ, ಕಾರ್ಡ್ ತೋರಿಸಿ, ಈಗಿನ ರೈಲಿಗೆ ಎಂದು ಕೇಳಿದ್ದರೆ ಪೂರ್ತಿ ದರ ಹೇಳಿ ಕೊಡುವುದು ಅವರ ಕೆಲಸವಾಗಿತ್ತು. ತಪ್ಪು ಕೊಟ್ಟಿದ್ದರೆ ತಪ್ಪು ಅವರದಾಗುತ್ತಿತ್ತು. ಹೊಣೆ ಕೈ ಬದಲಾಯಿಸಿದೆ ಎನ್ನುವುದು ಇದಕ್ಕೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೂ ದೊಡ್ಡದೊಂದು ಹೊರಬಿತ್ತು. 1889ರ ಕಾಯ್ದೆಯ ಪ್ರಕರಣಗಳನ್ನು ಒಬ್ಬನೇ ಮ್ಯಾಜಿಸ್ಟ್ರೇಟ್ ಬಾಗಿಲು ಮುಚ್ಚಿ ಕಾಗದದ ಮೇಲೆಯೇ ತೀರ್ಮಾನಿಸುವ ವಿಧಾನದಲ್ಲಿ ನಡೆಸಲು ಕಂಪನಿಗಳಿಗೆ ಅಧಿಕಾರವೇ ಇರಲಿಲ್ಲ. ಮುಖ್ಯ ಮ್ಯಾಜಿಸ್ಟ್ರೇಟ್ ಅವನ್ನು ಅಸಿಂಧು ಎಂದರು. ಒಟ್ಟು ಸುಮಾರು 74,000 ಪ್ರಕರಣಗಳ ಅಂದಾಜಿತ್ತು. 2025ರ ಜೂನ್‌ನಲ್ಲಿ ರೈಲು ನಿಯಂತ್ರಣ ಸಂಸ್ಥೆ ಒಆರ್‌ಆರ್ ಕೊಟ್ಟ ವರದಿಯೂ ಟಿಕೆಟ್ ನಿಯಮಗಳು ಜಟಿಲ, ಒಂದೇ ತಪ್ಪಿಗೆ ಒಂದೊಂದು ಕಂಪನಿ ಒಂದೊಂದು ಥರ ವರ್ತಿಸುತ್ತಿದೆ, ಇದಕ್ಕೆ ಏಕರೂಪ ಬೇಕು ಎಂದಿತು.

ರೇಲ್‌ಕಾರ್ಡಿನ ಬಗ್ಗೆ ಇನ್ನೆರಡು ಮಾತು. 2025ರ ಮಾರ್ಚ್‌ನಿಂದ ಬಹುತೇಕ ಕಾರ್ಡ್‌ಗಳ ಬೆಲೆ ವರ್ಷಕ್ಕೆ 35 ಪೌಂಡ್. ಇಬ್ಬರು ಜೊತೆಗೆ ಹೋಗುವ ಟು ಟುಗೆದರ್ ಕಾರ್ಡ್ ವಾರದ ದಿನ ಬೆಳಿಗ್ಗೆ 9:30ರ ಮುಂಚೆ ನಡೆಯುವುದಿಲ್ಲ. ಮೂರರಿಂದ ಒಂಬತ್ತು ಜನರಿದ್ದರೆ ಕಾರ್ಡ್ ಇಲ್ಲದೆಯೂ ಹಲವು ಕಂಪನಿಗಳಲ್ಲಿ ಗ್ರೂಪ್‌ಸೇವ್ ಎಂದು ಆಫ್-ಪೀಕ್‌ಗೆ ಮೂರನೇ ಒಂದು ರಿಯಾಯಿತಿ ಇದೆ, ಕುಟುಂಬ ಸಮೇತ ಹೋಗುವವರು ಮೊದಲು ಕೇಳಬೇಕಾದ್ದು ಇದನ್ನೇ. ಐದರೊಳಗಿನ ಮಕ್ಕಳಿಗೆ ಟಿಕೆಟ್ ಬೇಡ (ಒಬ್ಬ ದೊಡ್ಡವರ ಜೊತೆ ಇಬ್ಬರ ತನಕ), 5ರಿಂದ 15ರವರಿಗೆ ಅರ್ಧ.

ಕಾರ್ಡು ಒತ್ತಿ ಹೋಗುವವರಿಗೂ ಬಲೆ ಇದೆ. ರೇಲ್‌ಕಾರ್ಡ್ ರಿಯಾಯಿತಿಯನ್ನು ಆಯ್ಸ್ಟರ್ ಎಂಬ ಲಂಡನ್ನಿನ ಪ್ರಯಾಣ ಕಾರ್ಡಿಗೆ ಸೇರಿಸಬಹುದು, ಬ್ಯಾಂಕ್ ಕಾರ್ಡಿಗೆ ಸೇರಿಸಲಾಗದು. ಹಾಗೆಂದು ರಿಯಾಯಿತಿಯ ಆಸೆಗೆ ಪ್ಯಾಡಿಂಗ್‌ಟನ್‌ನಲ್ಲಿ ಆಯ್ಸ್ಟರ್ ಒತ್ತಿ ರೆಡಿಂಗ್‌ಗೆ ಹೊರಟರೆ ಅಲ್ಲಿಯ ಗೇಟು ತೆರೆಯುವುದಿಲ್ಲ. ಆ ಮಾರ್ಗದಲ್ಲಿ ಆಯ್ಸ್ಟರ್ ವೆಸ್ಟ್ ಡ್ರೇಟನ್ ತನಕ ಮಾತ್ರ, ಬ್ಯಾಂಕ್ ಕಾರ್ಡ್ ರೆಡಿಂಗ್‌ವರೆಗೂ ನಡೆಯುತ್ತದೆ. ಕಾರ್ಡ್ ಓದುವ ಹಳದಿ ಯಂತ್ರ ಎರಡಕ್ಕೂ ಒಂದೇ, ಹೊರಡುವಾಗ ಎರಡಕ್ಕೂ ಬಾಗಿಲು ತೆರೆಯುತ್ತದೆ.

ಎರಡು ದಿಕ್ಕಿಗೆ ಎರಡು ಪ್ರಯೋಗ

ಸ್ಕಾಟ್‌ಲೆಂಡ್ ಒಂದು ದಾರಿ ತೋರಿಸಿದೆ. ಅಲ್ಲಿನ ರೈಲು ಕಂಪನಿ ಸ್ಕಾಟ್‌ರೇಲ್ 2025ರ ಸೆಪ್ಟೆಂಬರ್ 1ರಿಂದ ಪೀಕ್ ದರವನ್ನೇ ಕಿತ್ತುಹಾಕಿತು. ಯಾವ ಹೊತ್ತಿಗೆ ಹತ್ತಿದರೂ ಒಂದೇ ದರ. ಕೌಂಟರಿನವರಿಗೂ ಆ್ಯಪ್‌ಗೂ ಗೇಟಿನವರಿಗೂ ವಿವರಿಸಬೇಕಾದ್ದು ಅರ್ಧದಷ್ಟು ಕಡಿಮೆಯಾಯಿತು.

ಪೂರ್ವ ಕರಾವಳಿಯ ಮಾರ್ಗದಲ್ಲಿ ಎಲ್‌ಎನ್‌ಇಆರ್ ಕಂಪನಿ ಹಿಡಿದದ್ದು ತದ್ವಿರುದ್ಧ ದಾರಿ. 2023ರಲ್ಲಿ ರಿಟರ್ನ್ ಟಿಕೆಟ್ ತೆಗೆದು ಎಲ್ಲವನ್ನೂ ಸಿಂಗಲ್ ಮಾಡಿತು. ಅಷ್ಟರ ಮಟ್ಟಿಗೆ ಒಳ್ಳೆಯದೇ. 2024ರ ಫೆಬ್ರುವರಿಯಲ್ಲಿ ಲಂಡನ್‌ನಿಂದ ನ್ಯೂಕಾಸಲ್, ಬೆರಿಕ್, ಎಡಿನ್‌ಬರೋಗೆ ಆಫ್-ಪೀಕ್ ಬಗೆಗಳನ್ನೇ ಪ್ರಯೋಗವೆಂದು ತೆಗೆದುಹಾಕಿತು. ಉಳಿದದ್ದು ಅಡ್ವಾನ್ಸ್, ದುಬಾರಿ ಎನಿಟೈಮ್, ನಡುವೆ ‘70 ನಿಮಿಷದ ಫ್ಲೆಕ್ಸ್’. ಫ್ಲೆಕ್ಸ್‌ನಲ್ಲಿ ಒಂದು ರೈಲು ಆರಿಸಿಕೊಳ್ಳಬೇಕು, ಅದರ 70 ನಿಮಿಷ ಹಿಂದೆ-ಮುಂದೆ ಹೊರಡುವ ಅದೇ ಕಂಪನಿಯ ರೈಲು ಹತ್ತಬಹುದು. ದರ ಬೇಡಿಕೆಯಂತೆ ಏರಿಳಿಯುತ್ತದೆ. ಇದಕ್ಕೆ ಸರಳ ದರ ಎಂದು ಹೆಸರಿಟ್ಟರು. ಬಗೆಗಳ ಸಂಖ್ಯೆ ಇಳಿದದ್ದು ನಿಜ. ಆದರೆ ಆಸ್ಪತ್ರೆಯಿಂದ ಕರೆ ಬಂದು ಇವತ್ತೇ ನ್ಯೂಕಾಸಲ್‌ಗೆ ಹೊರಟವರಿಗೆ ಮೊದಲು ಹಗಲು ಹೊತ್ತಿನಲ್ಲಿ ಸಿಗುತ್ತಿದ್ದ ಮಧ್ಯಮ ದರದ, ಖಾಲಿಯಾಗದ ಟಿಕೆಟ್ ಈಗ ಇಲ್ಲ. ಇದರಲ್ಲಿ ಕೌಂಟರಿನವರಿಗೂ ಮಾಡಲು ಏನೂ ಉಳಿದಿಲ್ಲ, ಪರದೆ ತೋರಿಸುವ ಅಂಕಿಯನ್ನು ಓದಿ ಹೇಳುವುದಷ್ಟೇ.

ರೈಲು ಕಂಪನಿಗಳು ಒಂದೊಂದಾಗಿ ಸರ್ಕಾರದ ಕೈಗೆ ಬರುತ್ತಿವೆ. 2025ರ ಮೇ 25ರಂದು ಸೌತ್ ವೆಸ್ಟರ್ನ್, ಜುಲೈನಲ್ಲಿ ಸಿ2ಸಿ, ಅಕ್ಟೋಬರ್‌ನಲ್ಲಿ ಗ್ರೇಟರ್ ಆಂಗ್ಲಿಯ ಬಂದವು. ಇವೆಲ್ಲ ಮುಂದೆ ಗ್ರೇಟ್ ಬ್ರಿಟಿಷ್ ರೈಲ್ವೇಸ್ ಎಂಬ ಒಂದೇ ಸಂಸ್ಥೆಯಡಿ ಸೇರಲಿವೆ, ಟಿಕೆಟ್ ಮಾರಾಟಕ್ಕೂ ಅದರದೇ ಒಂದು ಆ್ಯಪ್ ಬರಲಿದೆ. ಒಂದೇ ಸಂಸ್ಥೆಯಾದ ಮೇಲೆ ‘ಈ ಕಂಪನಿಗೆ ಮಾತ್ರ’ ಎಂಬ ಟಿಕೆಟ್‌ಗಳಿಗೆ ಅರ್ಥವೇನು ಎಂಬುದನ್ನು ಸರ್ಕಾರ ಬೇಗ ಹೇಳಬೇಕು. ಅವನ್ನು ಸುಮ್ಮನೆ ತೆಗೆದರೆ ಬರ್ಮಿಂಗ್‌ಹ್ಯಾಮ್‌ನ ನಿಧಾನದ ರೈಲಿನ ಅಗ್ಗದ ದರವೂ ಹೋಗುತ್ತದೆ. 17ನೇ ಅನುಸೂಚಿ ಹೊಸ ವ್ಯವಸ್ಥೆಯಲ್ಲಿ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದಂತೂ ಕೌಂಟರುಗಳ ಹಣೆಬರಹವನ್ನೇ ಬರೆಯುವ ಪ್ರಶ್ನೆ.

2025ರ ನವೆಂಬರ್‌ನಲ್ಲಿ ಸರ್ಕಾರ ಇಂಗ್ಲೆಂಡಿನ ನಿಯಂತ್ರಿತ ದರಗಳನ್ನು 2027ರ ಮಾರ್ಚ್‌ವರೆಗೆ ಏರಿಸುವುದಿಲ್ಲ ಎಂದು ಪ್ರಕಟಿಸಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿ. ಸೀಸನ್ ಟಿಕೆಟ್, ಕಚೇರಿಗೆ ಓಡಾಡುವವರ ಪೀಕ್ ರಿಟರ್ನ್, ದೊಡ್ಡ ನಗರಗಳ ನಡುವಿನ ಆಫ್-ಪೀಕ್ ರಿಟರ್ನ್ ಇದರಲ್ಲಿ ಸೇರಿವೆ, ಅಡ್ವಾನ್ಸ್ ಸೇರಿಲ್ಲ. ಹಾಗಾಗಿ ಈ ವರ್ಷ ಟಿಕೆಟ್ ಕೊಳ್ಳುವವರು ದರ ಏರಿದೆಯೇ ಎಂದು ನೋಡುವ ಮುಂಚೆ, ತಮ್ಮ ಮಾರ್ಗದಲ್ಲಿ ಆಫ್-ಪೀಕ್ ಎಂಬ ಬಗೆ ಇನ್ನೂ ಮಾರಾಟದಲ್ಲಿದೆಯೇ ಎಂದು ಕೌಂಟರಿನಲ್ಲೊಮ್ಮೆ ಕೇಳುವುದು ಲೇಸು.